ನೀರು ತುಂಬಿದ ಡ್ರಮ್ಮಿನೊಳಗೆ ಕೂತು ಇಪ್ಪತ್ತೈದನೇ ಮಹಡಿಯಿಂದ ಬಿದ್ದರೆ?

ಪ್ರಶ್ನೆ: ಗಟ್ಟಿಯಾದ ಒಂದು ಸ್ಟೀಲ್ ಡ್ರಮ್. ಒಂದು ಗುಳ್ಳೆಯೂ ಉಳಿಯದಂತೆ ಬಾಯಿತನಕ ನೀರು. ಆ ನೀರಿನಲ್ಲಿ ಉಸಿರಾಟದ ಮುಖವಾಡ ಹಾಕಿಕೊಂಡ ಒಬ್ಬ ಮನುಷ್ಯ. ಮುಚ್ಚಳ ಬಿಗಿದು, ಎಂ.ಜಿ. ರಸ್ತೆಯ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗಿನ ತುದಿಯಿಂದ ಕೆಳಕ್ಕೆ ಬಿಟ್ಟರೆ ಒಳಗಿದ್ದವನು ಬದುಕುತ್ತಾನೆಯೇ? “ನೀರನ್ನು ಅದುಮಿದರೂ ಕುಗ್ಗುವುದಿಲ್ಲ, ಸುತ್ತಲೂ ಸಮನಾಗಿ ಹಿಡಿದಿರುತ್ತದೆ, ಏನೂ ಆಗಲ್ಲ” ಅಂತ ಒಬ್ಬ ಗೆಳೆಯ. “ಆ ವೇಗದಲ್ಲಿ ನೀರೂ ಒಂದೇ ಕಾಂಕ್ರೀಟೂ ಒಂದೇ, ಅಪ್ಪಚ್ಚಿ ಆಗ್ತಾನೆ” ಅಂತ ಇನ್ನೊಬ್ಬ. ಮನುಷ್ಯನ ಬದಲು ಮೀನಿದ್ದರೆ? ಮೊಟ್ಟೆಯಿದ್ದರೆ? ದರ್ಶಿನಿಯಲ್ಲಿ ಬೈಟೂ ಕಾಫಿ ಮುಗಿಯಿತು, ವಾದ ಮುಗಿಯಲಿಲ್ಲ. ದಯವಿಟ್ಟು ಬಿಡಿಸಿ ಹೇಳಿ, ಸರ್.
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿಜಯನಗರ

ಉತ್ತರ: ಬದುಕುವುದಿಲ್ಲ. ಕಾಫಿ ದುಡ್ಡಿನ ಪಂದ್ಯವೇನಾದರೂ ಕಟ್ಟಿದ್ದರೆ ಎರಡನೆಯ ಗೆಳೆಯನಿಗೇ ಕೊಟ್ಟುಬಿಡಿ. ಆದರೆ ಆತ ಕೊಟ್ಟ ಕಾರಣ ಪೂರ್ತಿ ತಪ್ಪು. ಸೋತವನ ಕಾರಣದಲ್ಲಿ ಮುಕ್ಕಾಲು ಪಾಲು ಸರಿಯಿದೆ. ಉಳಿದ ಕಾಲು ಪಾಲೇ ಒಳಗಿದ್ದವನನ್ನು ಕೊಲ್ಲುವುದು.

ಕಾಂಕ್ರೀಟಿನ ಮಾತನ್ನು ಮೊದಲು ಮುಗಿಸಿಬಿಡೋಣ. ಸೇತುವೆಯಿಂದ ನದಿಗೆ ಬಿದ್ದವರಿಗೆ ನೀರು ಗಟ್ಟಿಯಾಗಿ ಬಡಿಯುತ್ತದೆ, ನಿಜ. ಏಕೆಂದರೆ ಅಲ್ಲಿ ನೀರು ನಿಂತಿದೆ, ಬೀಳುವವನು ಓಡುತ್ತಿದ್ದಾನೆ. ಕಣ್ಣುಮುಚ್ಚಿ ತೆರೆಯುವುದರೊಳಗೆ ಅಷ್ಟು ನೀರನ್ನು ಪಕ್ಕಕ್ಕೆ ತಳ್ಳಿ ತನಗೆ ಜಾಗ ಮಾಡಿಕೊಳ್ಳಬೇಕು. ಪೆಟ್ಟು ಬರುವುದು ಆ ತಳ್ಳಾಟದಿಂದ. ನಿಮ್ಮ ಡ್ರಮ್ಮಿನಲ್ಲಿ ನೀರೂ ಮನುಷ್ಯನೂ ಒಟ್ಟಿಗೆ, ಒಂದೇ ವೇಗದಲ್ಲಿ ಇಳಿಯುತ್ತಿದ್ದಾರೆ. ಅವನು ಹೊಸದಾಗಿ ಯಾವ ನೀರನ್ನೂ ಪ್ರವೇಶಿಸುವುದಿಲ್ಲ. ಬೀಳುತ್ತಿರುವಷ್ಟು ಹೊತ್ತು, ಗಾಳಿಯ ತಡೆಯನ್ನು ಮರೆತರೆ, ಒಳಗೆ ನೀರಿಗೂ ತೂಕವಿಲ್ಲ, ಅವನಿಗೂ ಇಲ್ಲ. ತಳದಲ್ಲಿ ಹೆಚ್ಚು, ಮೇಲೆ ಕಡಿಮೆ ಎಂದು ನಾವು ಶಾಲೆಯಲ್ಲಿ ಕಲಿತ ನೀರಿನ ಒತ್ತಡದ ಏರಿಳಿತವೇ ಆ ನಾಲ್ಕೂವರೆ ಸೆಕೆಂಡು ಇರುವುದಿಲ್ಲ.

ಕಥೆ ಶುರುವಾಗುವುದು ತಳ ನೆಲಕ್ಕೆ ತಾಗಿದಾಗ.

ಬೀಳುವವರಿಗೆ ಪೆಟ್ಟಾಗುವುದು ವೇಗದಿಂದಲ್ಲ, ಮೈಯ ಬೇರೆ ಬೇರೆ ಭಾಗಗಳು ಬೇರೆ ಬೇರೆ ಹೊತ್ತಿಗೆ ನಿಲ್ಲುವುದರಿಂದ. ಪಾದ ನಿಂತಿತು, ಸೊಂಟ ಇನ್ನೂ ಇಳಿಯುತ್ತಿದೆ, ತಲೆ ಅದರ ಹಿಂದೆ ಬರುತ್ತಿದೆ. ಮೈಯ ಪ್ರತಿ ಕಣವೂ ಏಕಕಾಲಕ್ಕೆ ಒಂದೇ ದರದಲ್ಲಿ ನಿಂತರೆ ಎಲುಬಿಗೆ ಎಲುಬು ತಾಗುವ ಪ್ರಶ್ನೆಯೇ ಬರುವುದಿಲ್ಲ. ನೀರು ಮಾಡುವ ಉಪಕಾರ ಇದೇ. ಡ್ರಮ್ ನಿಲ್ಲುವಾಗ ನೀರಿನೊಳಗೆ ತಳದಿಂದ ಮೇಲಕ್ಕೆ ಒತ್ತಡದ ಒಂದು ಏಣಿ ನಿಲ್ಲುತ್ತದೆ. ನೀರಿನ ಪ್ರತಿ ಪದರವನ್ನು ನಿಲ್ಲಿಸಲು ಬೇಕಾದಷ್ಟೇ ಬಲವನ್ನು ಕೆಳಗಿನ ಪದರ ಕೊಡುತ್ತದೆ. ನೀರು ಇರಬೇಕಾದ ಜಾಗದಲ್ಲಿ ಅಷ್ಟೇ ಸಾಂದ್ರತೆಯ ಇನ್ನೊಂದು ವಸ್ತುವಿದ್ದರೆ ಅದಕ್ಕೂ ಅದೇ ಬಲ ಸಿಗುತ್ತದೆ. ಇದು ಆರ್ಕಿಮಿಡೀಸನ ತತ್ವವೇ, ಗುರುತ್ವದ ಜಾಗದಲ್ಲಿ ಸಾವಿರ ಪಟ್ಟು ಗುರುತ್ವ ಕೂತಿದೆ ಅಷ್ಟೆ. ಸ್ನಾನದ ತೊಟ್ಟಿಯಲ್ಲಿ ತೇಲುವವನು ಸಾವಿರ ಪಟ್ಟು ಗುರುತ್ವದಲ್ಲೂ ತೇಲುತ್ತಲೇ ಇರುತ್ತಾನೆ, ಏಕೆಂದರೆ ಅವನ ತೂಕ ಸಾವಿರ ಪಟ್ಟಾದರೆ ಅವನನ್ನು ಎತ್ತುವ ನೀರಿನ ಬಲವೂ ಸಾವಿರ ಪಟ್ಟಾಗುತ್ತದೆ.

ಹಾಗಾದರೆ ಸಾಂದ್ರತೆ ಬೇರೆಯಿದ್ದರೆ? ಇಲ್ಲಿ ಒಂದು ಚೆಂದದ ಸೂತ್ರವಿದೆ. ನೀರಿನೊಳಗೆ ಒಂದು ಸಣ್ಣ ಗೋಲವಿದೆ, ಡ್ರಮ್ ಗಕ್ಕನೆ ನಿಂತಿತು ಎಂದುಕೊಳ್ಳಿ. ನೀರಿನ ಸ್ನಿಗ್ಧತೆಯನ್ನು, ಅಂದರೆ ಅದರ ಅಂಟುತನವನ್ನು, ಬದಿಗಿಟ್ಟರೆ, ಗೋಲ ತಳದ ಕಡೆ ನುಗ್ಗುವ ವೇಗ ಹೀಗೆ: ಗೋಲದ ಸಾಂದ್ರತೆಯಿಂದ ನೀರಿನ ಸಾಂದ್ರತೆ ಕಳೆಯಿರಿ, ಅದನ್ನು ಗೋಲದ ಸಾಂದ್ರತೆಗೆ ನೀರಿನ ಸಾಂದ್ರತೆಯ ಅರ್ಧ ಕೂಡಿಸಿ ಬಂದದ್ದರಿಂದ ಭಾಗಿಸಿ, ಬಿದ್ದ ವೇಗದಿಂದ ಗುಣಿಸಿ. ಆ ‘ಅರ್ಧ’ ಏಕೆಂದರೆ ಗೋಲ ಚಲಿಸಲು ತನ್ನ ಸುತ್ತಲಿನ ಒಂದಷ್ಟು ನೀರನ್ನೂ ಎಳೆದಾಡಿಸಬೇಕು. ಗೋಲಕ್ಕೆ ಆ ಹೆಚ್ಚುವರಿ ಹೊರೆ ಅದರ ಗಾತ್ರದ ನೀರಿನ ತೂಕದ ಸರಿ ಅರ್ಧ.

ಈಗ ನೀರಿನ ಸಾಂದ್ರತೆ 1 ಎಂದಿಟ್ಟುಕೊಂಡು ಲೆಕ್ಕ ಹಾಕಿ. ಉಕ್ಕಿನ ಗುಂಡು, ಸಾಂದ್ರತೆ 7.8: ಬಿದ್ದ ವೇಗದ 82 ಶೇಕಡಾ ವೇಗದಲ್ಲಿ ತಳಕ್ಕೆ ಬಡಿಯುತ್ತದೆ. ಅದರ ಮಟ್ಟಿಗೆ ನೀರು ಇದ್ದೂ ಇಲ್ಲದಂತೆ. ತಾಜಾ ಕೋಳಿಮೊಟ್ಟೆ, ಸುಮಾರು 1.08: ಐದು ಶೇಕಡಾ. ಬೆಂಡಿನ ತುಂಡು, 0.2: ಉತ್ತರ ಋಣ ಚಿಹ್ನೆಯಲ್ಲಿ ಬರುತ್ತದೆ. ಅಂದರೆ ಬೆಂಡು ಕೆಳಗಲ್ಲ, ಮೇಲಕ್ಕೆ ಚಿಮ್ಮುತ್ತದೆ, ಅದೂ ಬಿದ್ದ ವೇಗಕ್ಕಿಂತ 14 ಶೇಕಡಾ ಹೆಚ್ಚಿನ ವೇಗದಲ್ಲಿ. ಇನ್ನು ಗಾಳಿಗುಳ್ಳೆ, ಸಾಂದ್ರತೆ ಸೊನ್ನೆ ಎಂದರೂ ನಡೆದೀತು: ಬಿದ್ದ ವೇಗದ ಎರಡು ಪಟ್ಟು ವೇಗದಲ್ಲಿ ಮೇಲಕ್ಕೆ! ವಾಸ್ತವದಲ್ಲಿ ಗುಳ್ಳೆ ಅದುಮಿಕೊಂಡು, ಆಕಾರ ಕೆಟ್ಟು, ಚೂರಾಗುತ್ತದೆ. ಆದರೂ ದಿಕ್ಕು ಅದೇ. ‘ಒಂದು ಗುಳ್ಳೆಯೂ ಇರಬಾರದು’ ಎಂದು ನೀವು ಷರತ್ತು ಹಾಕಿದ್ದು ಎಷ್ಟು ಜಾಣತನ ಎಂದು ಈಗ ತಿಳಿಯಿತಲ್ಲ.

ಈ ಮೇಲಕ್ಕೆ ಚಿಮ್ಮುವ ಸಂಗತಿ ನಂಬಿಕೆಯಾಗದಿದ್ದರೆ ಬಿಎಂಟಿಸಿ ಬಸ್ಸಿನಲ್ಲೇ ನೋಡಬಹುದು. ಪಾರದರ್ಶಕ ಡಬ್ಬಿಯೊಂದರ ತಳಕ್ಕೆ ದಾರದಿಂದ ಥರ್ಮೊಕೋಲ್ ಉಂಡೆ ಕಟ್ಟಿ, ನೀರು ತುಂಬಿ ಮುಚ್ಚಿ. ಉಂಡೆ ನೀರಿನ ನಡುವೆ ಮೇಲಕ್ಕೆ ಜಗ್ಗಿಕೊಂಡು ನಿಲ್ಲುತ್ತದೆ. ಡ್ರೈವರ್ ಬ್ರೇಕ್ ಒತ್ತಿದಾಗ ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ, ಉಂಡೆ ಮಾತ್ರ ಹಿಂದಕ್ಕೆ ವಾಲುತ್ತದೆ. ನೀರು ಮುಂದಕ್ಕೆ ನುಗ್ಗಿ ತನಗಿಂತ ಹಗುರಾದದ್ದನ್ನು ಹಿಂದಕ್ಕೆ ತಳ್ಳುತ್ತದೆ. ಕಂಡಕ್ಟರ್ ಒಂಥರಾ ನೋಡಬಹುದು, ಸಹಿಸಿಕೊಳ್ಳಿ.

ಮನುಷ್ಯನ ಮೈಯ ಸರಾಸರಿ ಸಾಂದ್ರತೆ ನೀರಿಗೆ ತೀರ ಹತ್ತಿರ. ಉಸಿರೆಳೆದುಕೊಂಡರೆ ತೇಲುತ್ತೇವೆ, ಪೂರ್ತಿ ಬಿಟ್ಟರೆ ಮುಳುಗುತ್ತೇವೆ. ಹಾಗಾಗಿ ಇಡೀ ಮೈ ಡ್ರಮ್ಮಿನ ತಳಕ್ಕೆ ಅಪ್ಪಳಿಸುವುದಿಲ್ಲ. ನಿಮ್ಮ ಮೊದಲ ಗೆಳೆಯ ಇಲ್ಲಿಯವರೆಗೆ ಸರಿ. ಆದರೆ ‘ಸರಾಸರಿ’ ಎಂಬ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ.

ಮೊದಲು ಪೆಟ್ಟಿನ ಪ್ರಮಾಣ. ಆ ಕಟ್ಟಡ ಇಪ್ಪತ್ತೈದು ಮಹಡಿ. ಲೆಕ್ಕಕ್ಕೆ ಸುಲಭವಾಗಲೆಂದು 100 ಮೀಟರ್ ಅನ್ನೋಣ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ ಸುಮಾರು 160 ಕಿಲೋಮೀಟರ್. ನಿಲ್ಲುವ ದರವನ್ನು ಕಂಡುಹಿಡಿಯಲು ದೊಡ್ಡ ಗಣಿತವೇನೂ ಬೇಡ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ ‘ಜಿ’ ಲೆಕ್ಕದಲ್ಲಿ ಉತ್ತರ ಬರುತ್ತದೆ. ಒಂದು ಜಿ ಅಂದರೆ ಭೂಮಿಯ ಗುರುತ್ವದಷ್ಟು. ಡ್ರಮ್ಮಿನ ತಳವೂ ಫುಟ್‌ಪಾತೂ ಸೇರಿ 10 ಸೆಂಟಿಮೀಟರ್ ನುಗ್ಗಾದರೆ, 100 ಮೀಟರ್ ಭಾಗಿಸು 0.1 ಮೀಟರ್, ಅಂದರೆ 1000 ಜಿ. ನಿಲ್ಲಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದ ನಾಲ್ಕೂವರೆ ಭಾಗ.

ಗಮನಿಸಿ, ಈ ಭಾಗಾಕಾರದಲ್ಲಿ ನೀರು ಎಲ್ಲೂ ಬರಲಿಲ್ಲ. ಇದೇ ನನ್ನ ಉತ್ತರದ ತಿರುಳು. ನೀರು ಮೆತ್ತೆಯಲ್ಲ. ಮೆತ್ತೆಯ ಕೆಲಸ ನಿಲ್ಲುವ ದೂರವನ್ನು ಹೆಚ್ಚಿಸುವುದು, ಅದಕ್ಕೆ ಅದು ಕುಗ್ಗಲೇಬೇಕು. ಕುಗ್ಗದ ನೀರು ಆ ದೂರಕ್ಕೆ ಒಂದು ಕೂದಲೆಳೆಯನ್ನೂ ಸೇರಿಸುವುದಿಲ್ಲ. ಅದು ಬಲವನ್ನು ಸಮನಾಗಿ ಹಂಚುತ್ತದೆ, ಬಲವನ್ನು ಕಡಿಮೆ ಮಾಡುವುದಿಲ್ಲ. ‘ನೀರು ಕುಗ್ಗಲ್ಲ, ಅದಕ್ಕೇ ಕಾಪಾಡುತ್ತೆ’ ಎಂಬ ವಾದದಲ್ಲಿ ಮೊದಲರ್ಧವೇ ಎರಡನೆಯರ್ಧಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ.

1000 ಜಿಯಲ್ಲಿ ನೀರಿನ ಸ್ಥಿತಿ ನೋಡೋಣ. ಎರಡು ಮೀಟರ್ ಎತ್ತರದ ಡ್ರಮ್ಮಿನಲ್ಲಿ ಮನುಷ್ಯ ನಿಂತಿದ್ದಾನೆ. ಸಾವಿರ ಪಟ್ಟು ತೂಕದ ಎರಡು ಮೀಟರ್ ನೀರು ಅಂದರೆ ಎರಡು ಕಿಲೋಮೀಟರ್ ನೀರು. ಪಾದದ ಬಳಿ ಸುಮಾರು 200 ವಾಯುಭಾರ, ನೆತ್ತಿಯ ಬಳಿ ಏನೂ ಇಲ್ಲ. ಒಂದು ವಾಯುಭಾರ ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಒತ್ತುವಷ್ಟು ಒತ್ತಡ. ಅದೇ ಮನುಷ್ಯ ಅಗಲವಾದ ಚಪ್ಪಟೆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಬೆನ್ನಿನಿಂದ ಎದೆಗೆ 30 ಸೆಂಟಿಮೀಟರ್, ವ್ಯತ್ಯಾಸ 30 ವಾಯುಭಾರಕ್ಕೆ ಇಳಿಯುತ್ತದೆ. ಡ್ರಮ್ ನಿಲ್ಲಿಸುವ ಬದಲು ಮಲಗಿಸಿದ್ದರೆ ನಿಮ್ಮ ಗೆಳೆಯನ ವಾದಕ್ಕೆ ಇನ್ನೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು.

ಡ್ರಮ್ಮೂ ನೆಲವೂ ಚೂರೂ ನುಗ್ಗಾಗದೆ ಗಕ್ಕನೆ ನಿಂತರೆ ಲೆಕ್ಕ ಬೇರೆಯಾಗುತ್ತದೆ. ಆಗ ‘ನಿಲ್ಲು’ ಎಂಬ ಸುದ್ದಿ ನೀರಿನಲ್ಲಿ ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 1480 ಮೀಟರ್, ಮೇಲಕ್ಕೆ ಹೋಗುತ್ತದೆ. ಆ ಅಲೆಯ ಒತ್ತಡ ಸಾಂದ್ರತೆ, ಶಬ್ದವೇಗ, ಬಿದ್ದ ವೇಗ ಈ ಮೂರರ ಗುಣಲಬ್ಧ. ಮಾಸ್ಕೋದ ನೀರಿನ ಕೊಳವೆಗಳು ಒಡೆಯುವುದೇಕೆ ಎಂದು ಹುಡುಕಿದ ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ 1898ರಲ್ಲಿ ಕೊಟ್ಟ ಸೂತ್ರವಿದು. ನಲ್ಲಿಯನ್ನು ಫಟ್ಟನೆ ಮುಚ್ಚಿದಾಗ ಗೋಡೆಯೊಳಗಿನ ಪೈಪು ‘ಡಬ್’ ಎನ್ನುವುದೂ ಇದರಿಂದಲೇ. ನಮ್ಮ ವೇಗಕ್ಕೆ ಅದು ಸುಮಾರು 650 ವಾಯುಭಾರ. ಡ್ರಮ್ ಗಟ್ಟಿಯಾದಷ್ಟೂ ಒಳಗಿದ್ದವನಿಗೆ ಕೇಡು.

ಇನ್ನೊಂದು ಸ್ವಾರಸ್ಯ. ನೀರು ಕುಗ್ಗುವುದಿಲ್ಲ ಎಂದು ಇಷ್ಟು ಹೊತ್ತು ಹೇಳಿದೆ. ದಿನಬಳಕೆಗೆ ಅದು ಸರಿ, 1000 ಜಿಗೆ ಸಾಲದು. ತಳದಲ್ಲಿ 200, ಮೇಲೆ ಸೊನ್ನೆ, ಸರಾಸರಿ 100 ವಾಯುಭಾರ ಬಿದ್ದರೆ ನೀರು ಅರ್ಧ ಶೇಕಡಾಗಿಂತ ತುಸು ಕಡಿಮೆ ಕುಗ್ಗುತ್ತದೆ. ಎರಡು ಮೀಟರಿಗೆ ಅದು ಸುಮಾರು 9 ಮಿಲಿಮೀಟರ್. ಆ 9 ಮಿಲಿಮೀಟರ್ ಎಲ್ಲಿ ಕಾಣಿಸುತ್ತದೆ? ಮುಚ್ಚಳದ ಕೆಳಗೆ, ನಿರ್ವಾತದ ಒಂದು ಪದರವಾಗಿ! ಇಷ್ಟು ಕಷ್ಟಪಟ್ಟು ಒಂದು ಗುಳ್ಳೆಯೂ ಇಲ್ಲದಂತೆ ತುಂಬಿದ ಡ್ರಮ್ಮಿನೊಳಗೆ, ಬೇಡದ ಹೊತ್ತಿನಲ್ಲೇ, ಡ್ರಮ್ಮೇ ಒಂದು ಗುಳ್ಳೆಯನ್ನು ಹುಟ್ಟಿಸಿಕೊಳ್ಳುತ್ತದೆ. ಮರುಕ್ಷಣ ನೀರು ಹಿಗ್ಗಿ ವಾಪಸ್ಸು ಬಂದಾಗ ಆ ಖಾಲಿ ಜಾಗ ಮುಚ್ಚಿಕೊಂಡು ಮುಚ್ಚಳಕ್ಕೆ ಒಳಗಿನಿಂದ ಸುತ್ತಿಗೆಯೇಟು. ಬೆಂಗಳೂರು 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು ಇಲ್ಲಿನ ಗಾಳಿಯೊತ್ತಡ ಸಮುದ್ರಮಟ್ಟಕ್ಕಿಂತ ಹತ್ತನೇ ಒಂದರಷ್ಟು ಕಡಿಮೆ. ಹಾಗಾಗಿ ಮಂಗಳೂರಿಗಿಂತ ಇಲ್ಲಿ ಈ ಗುಳ್ಳೆ ಕೂದಲೆಳೆಯಷ್ಟು ಬೇಗ ಹುಟ್ಟುತ್ತದೆ. ಸತ್ತವನಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಪರೀಕ್ಷೆಯಲ್ಲಿ ಬರೆದರೆ ಮೇಷ್ಟ್ರು ಖುಷಿಪಡುತ್ತಾರೆ.

ಡ್ರಮ್ ತಡೆಯುತ್ತದೆಯೇ? ರಸ್ತೆ ಕೆಲಸದ ಕಡೆ ಕಾಣುವ 200 ಲೀಟರಿನ ಟಾರ್ ಡ್ರಮ್ಮಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. 200 ವಾಯುಭಾರದಲ್ಲಿ ಅದರ ತಗಡಿನ ಮೇಲೆ ಬೀಳುವ ಎಳೆತ ಸಾಧಾರಣ ಉಕ್ಕು ತಡೆಯುವುದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಹೊಲಿಗೆ ಬಿಚ್ಚಿ ತೆರೆದುಕೊಳ್ಳುತ್ತದೆ. 80 ಸೆಂಟಿಮೀಟರ್ ಅಗಲದ, ಮನುಷ್ಯ ಹಿಡಿಸುವ ಡ್ರಮ್ ಹಿಗ್ಗದೆ ನಿಲ್ಲಬೇಕಾದರೆ ಗೋಡೆ 3 ಸೆಂಟಿಮೀಟರಿಗಿಂತ ದಪ್ಪವಿರಬೇಕು. ಗೋಡೆಯ ತೂಕವೇ ಒಂದೂಕಾಲು ಟನ್, ಒಳಗಿನ ನೀರು ಇನ್ನೊಂದು ಟನ್. ಅಷ್ಟು ದಪ್ಪದ ಉಕ್ಕು ಮೆತ್ತಗೆ ನುಗ್ಗಾಗುವುದಿಲ್ಲ, ಆದ್ದರಿಂದ ನಾವು ಧಾರಾಳವಾಗಿ ಕೊಟ್ಟಿದ್ದ ಆ 10 ಸೆಂಟಿಮೀಟರ್ ಫುಟ್‌ಪಾತಿನಿಂದಲೇ ಬರಬೇಕು. ಪಾಲಿಕೆಯ ಫುಟ್‌ಪಾತ್ ಮೇಲೆ ನಂಬಿಕೆಯಿದ್ದರೆ ಸರಿ.

ಸರಿ, ಡ್ರಮ್ ಒಡೆಯಲಿಲ್ಲ ಎಂದೇ ಇಟ್ಟುಕೊಳ್ಳೋಣ. ಕೊಲ್ಲುವುದು ಏನು?

ಬರೀ ಒತ್ತಡವಲ್ಲ. ನಮ್ಮ ರಕ್ತ, ಮಾಂಸ, ನರ ಎಲ್ಲವೂ ಬಹುಪಾಲು ನೀರು. ಎಲ್ಲ ಕಡೆಯಿಂದ ಸಮನಾಗಿ ಅದುಮಿದರೆ ನೀರಿನಂತೆಯೇ ತಾಳಿಕೊಳ್ಳುತ್ತವೆ. 1992ರ ನವೆಂಬರಿನಲ್ಲಿ ಫ್ರಾನ್ಸಿನ ಕೊಮೆಕ್ಸ್ ಸಂಸ್ಥೆಯ ಒತ್ತಡದ ಕೋಣೆಯಲ್ಲಿ ಒಬ್ಬ ಮುಳುಗುಗಾರ 701 ಮೀಟರ್ ಆಳಕ್ಕೆ ಸಮನಾದ, ಅಂದರೆ 70 ವಾಯುಭಾರಕ್ಕೂ ಮಿಕ್ಕಿದ ಒತ್ತಡದಲ್ಲಿದ್ದು ಬಂದ. ಆದರೆ ಅವನ ಶ್ವಾಸಕೋಶದೊಳಗಿನ ಅನಿಲದ ಒತ್ತಡವನ್ನೂ ದಿನಗಟ್ಟಲೆ ನಿಧಾನವಾಗಿ ಅಷ್ಟಕ್ಕೇ ಏರಿಸಿದ್ದರು. ನಿಮ್ಮ ಡ್ರಮ್ಮಿನವನಿಗೆ ಸಿಗುವುದು ನಾಲ್ಕೂವರೆ ಮಿಲಿಸೆಕೆಂಡು. ಮುಖವಾಡದ ಕವಾಟ ಅಷ್ಟರಲ್ಲಿ ಮಿಸುಕುವುದೂ ಇಲ್ಲ. ಎದೆಯೊಳಗೆ ಐದು ಲೀಟರ್ ಗಾಳಿಯಿದೆ. ಹೊರಗಿನ ಒತ್ತಡ ಹದಿನೈದು ಇಪ್ಪತ್ತು ವಾಯುಭಾರಕ್ಕೆ ಏರಿದರೆ ಬಾಯ್ಲನ ನಿಯಮದಂತೆ ಆ ಗಾಳಿ ಒಂದು ಲೋಟಕ್ಕೆ ಕುಗ್ಗಬೇಕು. ಪಕ್ಕೆಲುಬಿನ ಗೂಡು ಲೋಟಕ್ಕೆ ಕುಗ್ಗುವುದಿಲ್ಲ, ಮುರಿಯುತ್ತದೆ. ಕಿವಿಯ ತಮಟೆ, ಮುಖದ ಎಲುಬಿನೊಳಗಿನ ಗಾಳಿಗೂಡು, ಕರುಳಿನ ವಾಯು, ಎಲ್ಲದರದ್ದೂ ಅದೇ ಕಥೆ. ಮನುಷ್ಯ ನೀರಿಗೆ ಸಮ ಎಂದು ಹೇಳುವಾಗ ನಾವು ಮರೆಯುವುದು ಅವನೊಳಗೇ ಇರುವ ಈ ಗುಳ್ಳೆಗಳನ್ನು.

ಮೀನಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಹೊಳೆಯಲ್ಲಿ ತೋಟೆ ಸಿಡಿಸಿದಾಗ ಹೊಟ್ಟೆ ಮೇಲಾಗಿ ತೇಲುವ ಮೀನುಗಳು ಬಹುಪಾಲು ಹೊಟ್ಟೆಯೊಳಗೆ ಗಾಳಿಚೀಲ ಇರುವಂಥವು. ಒತ್ತಡದ ಅಲೆಗೆ ಮೊದಲು ಹರಿಯುವುದು ಆ ಚೀಲ ಮತ್ತು ಅದಕ್ಕೆ ಅಂಟಿದ ಅಂಗಗಳು. ಕಾಟ್ಲಾ, ರೋಹು ಎರಡಕ್ಕೂ ಗಾಳಿಚೀಲವಿದೆ, ಆದ್ದರಿಂದ ನಿಮ್ಮ ಡ್ರಮ್ಮಿನಲ್ಲಿ ಅವುಗಳ ಗತಿ ಕಷ್ಟ. ಶಾರ್ಕ್, ತೊರಕೆಗಳಿಗೆ ಗಾಳಿಚೀಲವೇ ಇಲ್ಲ. ನಿಮ್ಮ ಡ್ರಮ್ಮಿನಿಂದ ಜೀವಂತ ಹೊರಬರುವ ಅವಕಾಶ ಯಾರಿಗಾದರೂ ಇದ್ದರೆ ಅದು ಒಂದು ಪುಟ್ಟ ತೊರಕೆಮರಿಗೆ, ಅದೂ ಮಲಗಿಯೇ ಇರುವ ಜೀವಿ.

“ಹಾಗಾದರೆ ಶ್ವಾಸಕೋಶಕ್ಕೂ ದ್ರವವನ್ನೇ ತುಂಬಿದರೆ?” ಎಂದು ನೀವು ಮುಂದಿನ ಪ್ರಶ್ನೆ ಕೇಳುತ್ತೀರಿ. ಅದೂ ಆಗಿದೆ. 1966ರಲ್ಲಿ ಲೆಲೆಂಡ್ ಕ್ಲಾರ್ಕ್ ಮತ್ತು ಫ್ರಾಂಕ್ ಗೊಲ್ಲನ್ ಎಂಬ ಅಮೆರಿಕದ ವಿಜ್ಞಾನಿಗಳು ಆಮ್ಲಜನಕ ಕರಗಿಸಿದ ಫ್ಲೋರೋಕಾರ್ಬನ್ ದ್ರವದಲ್ಲಿ ಇಲಿಗಳನ್ನು ಪೂರ್ತಿ ಮುಳುಗಿಸಿಟ್ಟು, ಅವು ಆ ದ್ರವವನ್ನೇ ಉಸಿರಾಡುತ್ತ ಬದುಕಿದ್ದನ್ನು ತೋರಿಸಿದರು. ಗಾಳಿಯ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಈ ಬಗೆಯ ದ್ರವಗಳ ಸಾಂದ್ರತೆ 1.8ರ ಆಸುಪಾಸು. ನಮ್ಮ ಸೂತ್ರಕ್ಕೆ ಹಾಕಿ ನೋಡಿ: ಅದರಲ್ಲಿ ಮುಳುಗಿದ ಮೈ ಬಿದ್ದ ವೇಗದ 40 ಶೇಕಡಾಗೂ ಮಿಕ್ಕಿದ ವೇಗದಲ್ಲಿ ಮೇಲಕ್ಕೆ ಹಾರಿ ಮುಚ್ಚಳಕ್ಕೆ ತಲೆ ಬಡಿದುಕೊಳ್ಳುತ್ತದೆ. ಹೊರಗೆ ನೀರು, ಒಳಗೆ ಮಾತ್ರ ಈ ದ್ರವ ಎಂದರೆ ಎದೆಯೊಳಗೆ ಎರಡು ಪಟ್ಟು ಭಾರದ ಎರಡು ಚೀಲ ತೂಗುಹಾಕಿದಂತೆ. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತದೆ.

ಗಾಳಿಯನ್ನು ಹೇಗೋ ನಿವಾರಿಸಿದರೂ ‘ಸರಾಸರಿ’ಯ ಕಾಟ ಉಳಿಯಿತು. ಗಟ್ಟಿ ಮೂಳೆಯ ಸಾಂದ್ರತೆ ಸುಮಾರು 1.9, ಕೊಬ್ಬಿನದು 0.9. ಡ್ರಮ್ ನಿಂತಾಗ ಮೂಳೆ ಮಾಂಸವನ್ನು ದಾಟಿ ಕೆಳಕ್ಕೆ ಹೋಗಲು ನೋಡುತ್ತದೆ, ಕೊಬ್ಬು ಮೇಲಕ್ಕೆ. ಸಣ್ಣ ಪೆಟ್ಟಿನಲ್ಲಿ ಅಂಗಾಂಶಗಳ ಬಿಗಿತ ಇದನ್ನು ತಡೆಯುತ್ತದೆ, 1000 ಜಿಯಲ್ಲಿ ಆ ಬಿಗಿತ ಸಾಲದು. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳಿವೆ, ಸಾಂದ್ರತೆ 2.7ರಷ್ಟು. ಮೆದುವಾದ ಒಂದು ಪೊರೆಯ ಮೇಲೆ ಕೂತಿರುವ ಅವು ನಾವು ವಾಲಿದಾಗ, ಓಡಲು ಶುರುಮಾಡಿದಾಗ ತುಸು ಜರುಗುವುದರಿಂದಲೇ ನಮಗೆ ಸಮತೋಲನ ತಿಳಿಯುವುದು. ಸುತ್ತಲಿನ ದ್ರವಕ್ಕಿಂತ ಭಾರವಾಗಿರುವುದೇ ಅವುಗಳ ಉದ್ಯೋಗ. ಆ ಉದ್ಯೋಗವೇ ಇಲ್ಲಿ ಅವುಗಳಿಗೆ ಮುಳುವು.

ಇದೆಲ್ಲ ಬರೀ ಕಾಫಿ ಕಟ್ಟೆಯ ಕಲ್ಪನೆಯಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಾದ ವಿಲ್ಬರ್ ಫ್ರಾಂಕ್ಸ್ ನೀರು ತುಂಬಿದ ರಬ್ಬರ್ ಚೀಲಗಳಲ್ಲಿ ಇಲಿಗಳನ್ನಿಟ್ಟು ಗರಗರ ತಿರುಗಿಸಿ, ಅವು ನೂರು ಜಿಗೂ ಮಿಕ್ಕಿ ತಾಳಿಕೊಳ್ಳುವುದನ್ನು ಕಂಡರು. ಆ ಬಲದ ಮೇಲೆ ವಿಮಾನ ಚಾಲಕರಿಗೆ ನೀರು ತುಂಬಿದ ಉಡುಪು ಮಾಡಿದರು, 1942ರಲ್ಲಿ ಅದು ಯುದ್ಧಕ್ಕೂ ಹೋಯಿತು. ಭಾರ, ಸೆಕೆ ಎರಡೂ ವಿಪರೀತ. ಕೊನೆಗೆ ಗೆದ್ದದ್ದು ಗಾಳಿ ತುಂಬುವ ಉಡುಪು. ನಮ್ಮ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಓದ ಡೆಬೆಲ್ ಪ್ರಯೋಗಾಲಯ ಭಾರತೀಯ ಚಾಲಕರಿಗೆ ರೂಪಿಸಿದ ಜಿ-ನಿರೋಧಕ ಉಡುಪೂ ಗಾಳಿಯದೇ. ವಿಮಾನಪುರದ ಏರೋಸ್ಪೇಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಿನಲ್ಲಿ ವಾಯುಪಡೆಯ ಚಾಲಕರನ್ನು ಕೂರಿಸಿ ತಿರುಗಿಸುವ ದೈತ್ಯ ಯಂತ್ರವಿದೆ. ಕಾಲು ಬಿಗಿಹಿಡಿದು, ಉಸಿರು ಬಿಗಿಹಿಡಿದು ಒಂಬತ್ತು ಜಿ ತಾಳುವ ಅಭ್ಯಾಸ ಅಲ್ಲಿ ನಡೆಯುತ್ತದೆ.

ನಿಮ್ಮ ಡ್ರಮ್ಮಿಗೆ ತೀರ ಹತ್ತಿರ ಬಂದವರು ಅಮೆರಿಕದ ನೌಕಾಪಡೆಯ ವೈದ್ಯ ಫ್ಲಾನಗನ್ ಗ್ರೇ. 1958ರಲ್ಲಿ ನೀರು ತುಂಬಿದ ಲೋಹದ ಕವಚದೊಳಗೆ ಉಸಿರು ಹಿಡಿದು ಕೂತು, ತಿರುಗುಯಂತ್ರದಲ್ಲಿ 31 ಜಿಯನ್ನು ಐದು ಸೆಕೆಂಡು ತಡೆದರು. ಐದು ಸೆಕೆಂಡು ಅಂದರೆ ಈ ಲೆಕ್ಕದಲ್ಲಿ ಯುಗ. ನೀರಿನ ಹೆಚ್ಚುಗಾರಿಕೆ ಇರುವುದು ಇಂಥ ಕಡೆ, ಬಹಳ ಹೊತ್ತು ಎಳೆಯುವ ಮಧ್ಯಮ ಬಲದ ಎದುರು. ಅಲ್ಲಿ ರಕ್ತ ಕಾಲಿಗಿಳಿದು ತಲೆ ಕತ್ತಲಾಗುವುದೇ ಮುಖ್ಯ ಅಪಾಯ, ಅದನ್ನು ಹೊರಗಿನ ನೀರು ಸರಿದೂಗಿಸುತ್ತದೆ.

ಅದರ ಪಕ್ಕಕ್ಕೆ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟಾಪ್ ಅವರನ್ನಿಡಿ. 1954ರ ಡಿಸೆಂಬರ್ 10ರಂದು ರಾಕೆಟ್ ಕಟ್ಟಿದ ಬಂಡಿಯಲ್ಲಿ ಗಂಟೆಗೆ 1017 ಕಿಲೋಮೀಟರ್ ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತರು. ಗರಿಷ್ಠ 46.2 ಜಿ. ಕಣ್ಣು ರಕ್ತ ಕಟ್ಟಿ ಕೆಲ ಹೊತ್ತು ಕಾಣಿಸಲಿಲ್ಲ, ಆದರೆ ಬದುಕಿದರು, ಮುಂದೆ ದಶಕಗಳ ಕಾಲ ಸೀಟ್‌ಬೆಲ್ಟಿಗಾಗಿ ಹೋರಾಡಿದರು. ನೀರಿಲ್ಲ, ಬರೀ ಪಟ್ಟಿಗಳು ಮತ್ತು ನಿಲ್ಲಲು ಸಾಕಷ್ಟು ದೂರ. 100 ಮೀಟರಿನಿಂದ ಬಿದ್ದವನನ್ನು 46 ಜಿಯಲ್ಲಿ ನಿಲ್ಲಿಸಲು ಎಷ್ಟು ದೂರ ಬೇಕು? ಭಾಗಿಸಿ ನೋಡಿ: 2.2 ಮೀಟರ್. ಡ್ರಮ್ಮಿನ ಕೆಳಗೆ ನುಗ್ಗಾಗುವ ಎರಡೂಕಾಲು ಮೀಟರ್ ವಸ್ತು ಇಡಲು ನಿಮಗೆ ಆಗುವುದಾದರೆ ಡ್ರಮ್ಮನ್ನೂ ನೀರನ್ನೂ ಮನೆಯಲ್ಲೇ ಬಿಟ್ಟುಬನ್ನಿ. ಸಿನಿಮಾ ಸ್ಟಂಟ್‌ನವರು ರಟ್ಟಿನ ಡಬ್ಬಿಗಳ ಗುಡ್ಡೆಯ ಮೇಲೆ, ಗಾಳಿ ತುಂಬಿದ ಹಾಸಿಗೆಯ ಮೇಲೆ ಬೀಳುವುದು ಇದೇ ಲೆಕ್ಕದಲ್ಲಿ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸೇರಿಸದಿದ್ದರೆ ಉತ್ತರ ಅರ್ಧವಾಗುತ್ತದೆ. ನೀರು ತುಂಬಿದ ಮುಚ್ಚಿದ ಡಬ್ಬಿಯ ಪ್ರಯೋಗ ನಮ್ಮೆಲ್ಲರ ಹೆಗಲ ಮೇಲೆ ದಿನವೂ ನಡೆಯುತ್ತಿದೆ. ತಲೆಬುರುಡೆ ಡ್ರಮ್, ಮಿದುಳು ಒಳಗಿದ್ದವನು, ಸುತ್ತ ಮಿದುಳುದ್ರವ. ಮಿದುಳಿನ ಸಾಂದ್ರತೆ ಸುಮಾರು 1.04, ದ್ರವದ್ದು 1.007. ಹೀಗಾಗಿ 1400 ಗ್ರಾಂ ಮಿದುಳು ಬುರುಡೆಯೊಳಗೆ 50 ಗ್ರಾಂ ಕೂಡ ತೂಗುವುದಿಲ್ಲ. ನಮ್ಮ ಸೂತ್ರದಂತೆ ತಲೆ ನೇರವಾಗಿ ನಿಂತರೆ ಮಿದುಳು ಬುರುಡೆಯ ಕಡೆ ನುಗ್ಗುವ ವೇಗ ಪೆಟ್ಟಿನ ವೇಗದ ಎರಡು ಶೇಕಡಾ ಮಾತ್ರ. ಪ್ರಕೃತಿ ನಿಮ್ಮ ಗೆಳೆಯನ ವಾದವನ್ನು ಒಪ್ಪಿಕೊಂಡಂತಿದೆ. ಆದರೂ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ತಲೆಗೆ ಪೆಟ್ಟಾದವರು ಬರುತ್ತಲೇ ಇರುತ್ತಾರಲ್ಲ, ಏಕೆ?

ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ 1943ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಬುರುಡೆಯ ಆಕಾರದ ಅಚ್ಚಿನಲ್ಲಿ ಜೆಲಟಿನ್ ತುಂಬಿ ನೋಡಿದರು. ಮಿದುಳನ್ನು ಅದುಮುವುದು ನೀರನ್ನು ಅದುಮುವಷ್ಟೇ ಕಷ್ಟ, ಆದರೆ ಅದರ ಪದರಗಳನ್ನು ಒಂದರ ಮೇಲೊಂದು ಜಾರಿಸುವುದು ಲಕ್ಷಾಂತರ ಪಟ್ಟು ಸುಲಭ. ಜಾರಿಸುವುದು ಯಾವುದು? ತಿರುಗುವಿಕೆ. ನೀರಿನ ಒತ್ತಡದ ಏಣಿ ನೇರ ಚಲನೆಯನ್ನು ನಿಲ್ಲಿಸಬಲ್ಲದು, ತಿರುಗುವಿಕೆಗೆ ಅದರ ಬಳಿ ಉತ್ತರವಿಲ್ಲ. ಬಕೆಟ್ಟನ್ನು ತಟ್ಟನೆ ತಿರುಗಿಸಿ ನೋಡಿ, ಬಕೆಟ್ ತಿರುಗುತ್ತದೆ, ನೀರು ಇದ್ದಲ್ಲೇ ಇರುತ್ತದೆ. ತಲೆ ಗಿರ್ರೆಂದು ತಿರುಗಿದಾಗ ಮಿದುಳಿನ ಹೊರಪದರ ಬುರುಡೆಯ ಜೊತೆ ಹೋಗಿ ಒಳಭಾಗ ಹಿಂದೆ ಉಳಿಯುತ್ತದೆ, ನಡುವಿನ ನರತಂತುಗಳು ಎಳೆದುಕೊಳ್ಳುತ್ತವೆ. ನಿಮ್ಮ ಡ್ರಮ್ ಸರಿಯಾಗಿ ತಳದ ಮೇಲೆಯೇ ಬೀಳುತ್ತದೆ ಎಂದು ಇಷ್ಟು ಹೊತ್ತು ನಂಬಿಕೊಂಡು ಬಂದೆವು. ಅಂಚಿನ ಮೇಲೆ ಬಿದ್ದು ಉರುಳಿದರೆ ಮೇಲಿನ ಲೆಕ್ಕಗಳೆಲ್ಲ ಇನ್ನೂ ಹದಗೆಡುತ್ತವೆ.

ಅಂದಹಾಗೆ, ಹೆಲ್ಮೆಟ್ಟಿನೊಳಗೆ ನೀರಿನ ಬದಲು ಥರ್ಮೊಕೋಲ್ ಇರುವುದು ಈಗ ಅರ್ಥವಾಗಬೇಕು. ಎರಡು ಮೂರು ಸೆಂಟಿಮೀಟರ್ ದಪ್ಪದ ಆ ಬಿಳಿ ಪದರ ಒಂದೇ ಸಲಕ್ಕೆ, ಮರಳಿ ಬರದಂತೆ ನುಗ್ಗಾಗಿ, ನಿಲ್ಲುವ ದೂರ ಕೊಡುತ್ತದೆ. ನೀರಿನಿಂದ ಆಗದ ಕೆಲಸ ಅದೇ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಪೊಲೀಸರ ಕಣ್ಣಿಗೆ ಮಣ್ಣೆರಚಲು ಹಾಕುವ ತೆಳು ಟೋಪಿಯಂಥ ಹಾಫ್ ಹೆಲ್ಮೆಟ್ಟಿನಲ್ಲಿ ಆ ಬಿಳಿ ಪದರ ಎಷ್ಟಿದೆ ಎಂದು ಒಮ್ಮೆ ತಿರುಗಿಸಿ ನೋಡಿ.

ಉಳಿದದ್ದು ಮೊಟ್ಟೆ. ಇದನ್ನು ಮನೆಯಲ್ಲೇ ಮಾಡಬಹುದು, ಮಹಡಿಯಿಂದ ಬೇಡ. ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಡಬ್ಬಿ, ಎರಡು ಹಸಿ ಮೊಟ್ಟೆ ಸಾಕು. ಮೊಟ್ಟೆ ಸಿಹಿನೀರಿನಲ್ಲಿ ಮುಳುಗುತ್ತದೆ. ಲೀಟರಿಗೆ ನೂರು ಗ್ರಾಂಗಿಂತ ಸ್ವಲ್ಪ ಹೆಚ್ಚು ಉಪ್ಪು ಕರಗಿಸಿದರೆ, ತಾಜಾ ಮೊಟ್ಟೆಯಾದರೆ, ಮೇಲೂ ಬರದೆ ಕೆಳಗೂ ಹೋಗದೆ ನಡುವೆ ನಿಲ್ಲುತ್ತದೆ. ಹಳೆಯ ಮೊಟ್ಟೆಗೆ ಕಡಿಮೆ ಉಪ್ಪು ಸಾಕು, ಏಕೆಂದರೆ ದಿನ ಕಳೆದಂತೆ ಅದರ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುತ್ತದೆ. ನಡುವೆ ನಿಂತಿತೆಂದರೆ ನಮ್ಮ ಸೂತ್ರದ ಮೇಲ್ಭಾಗ ಸೊನ್ನೆಯಾಯಿತು, ತಳಕ್ಕೆ ಬಡಿಯುವ ವೇಗವೂ ಸೊನ್ನೆ. ಉಪ್ಪು ಹಾಕದಿದ್ದರೂ ಮೂರು ಮೀಟರ್ ಎತ್ತರದಿಂದ ಬಿದ್ದ ಡಬ್ಬಿಯಲ್ಲಿ ಮೊಟ್ಟೆ ತಳಕ್ಕೆ ತಾಗುವುದು ಮುಕ್ಕಾಲು ಸೆಂಟಿಮೀಟರಿನಿಂದ ಬಿದ್ದಷ್ಟು ಮೆಲ್ಲಗೆ ಎಂದು ಲೆಕ್ಕ ಹೇಳುತ್ತದೆ.

ಒಂದು ಡಬ್ಬಿಯನ್ನು ಉಪ್ಪುನೀರಿನಿಂದ ಪೂರ್ತಿ ತುಂಬಿ, ಇನ್ನೊಂದರಲ್ಲಿ ಕಾಲು ಭಾಗ ಖಾಲಿ ಬಿಡಿ. ಎರಡನ್ನೂ ಸೊಂಟದೆತ್ತರದಿಂದ ಮಣ್ಣಿನ ಮೇಲೆ ಬಿಡಿ, ಆಮೇಲೆ ಕೈಯಲ್ಲಿ ಹಿಡಿದು ಜೋರಾಗಿ ಕುಲುಕಿ. ಖಾಲಿ ಜಾಗವಿರುವ ಡಬ್ಬಿಯಲ್ಲಿ ನೀರೇ ಮೊಟ್ಟೆಯನ್ನು ಹೊತ್ತುಕೊಂಡು ಹೋಗಿ ಗೋಡೆಗೆ ಹೊಡೆಯುತ್ತದೆ, ಸಾಮಾನ್ಯವಾಗಿ ಮೊದಲು ಒಡೆಯುವುದು ಅದೇ. ತುಂಬಿದ ಡಬ್ಬಿ ಉಳಿದರೆ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಿ. ಯಾವುದೋ ಎತ್ತರದಲ್ಲಿ ಅದೂ ಒಡೆಯುತ್ತದೆ. ಆಗ ಬಿರುಕು ದಪ್ಪ ತುದಿಯ ಗಾಳಿಗೂಡಿನ ಬಳಿ ಶುರುವಾಗಿದೆಯೇ, ಬೇರೆ ಕಡೆಯೇ ಎಂದು ನೋಡಿ ಬರೆದಿಟ್ಟುಕೊಳ್ಳಿ. ಡಬ್ಬಿ ತುಂಬುವಾಗ ಮಾತ್ರ ಉಪ್ಪುನೀರಿನ ಬಕೆಟ್ಟಿನೊಳಗೇ ಮುಳುಗಿಸಿ, ಅಲ್ಲೇ ಮುಚ್ಚಳ ತಿರುಗಿಸಿ. ಹೊರಗೆ ತುಂಬಿದರೆ ಎಷ್ಟೇ ಜಾಗ್ರತೆ ಮಾಡಿದರೂ ಮುಚ್ಚಳದ ಮರೆಯ ಸಂದಿಯಲ್ಲಿ ಒಂದು ಗುಳ್ಳೆ ಉಳಿದುಬಿಡುತ್ತದೆ.